ದೆವ್ವಕ್ಕೆ ವಹಿಸಿದ ಮಾತು

2023ರ ಮಳೆಗಾಲ. ಬೀದರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಕೆಲವು ವರ್ಷಗಳ ಹಿಂದೆಯೇ ನಿವೃತ್ತಳಾಗಿ, ಗಡಿಯಾಚೆ ತೆಲಂಗಾಣದಲ್ಲಿರುವ ನನ್ನ ಊರು ಜಹೀರಾಬಾದಿಗೆ ಮರಳಿದ್ದೆ. ಕಲಬುರಗಿಯ ಒಂದು ಸಣ್ಣ ಪ್ರಕಾಶನಕ್ಕೆ ಮನೆಯಿಂದಲೇ ಎಡಿಟರ್ ಆಗಿ ಕೆಲಸ ಮಾಡುತ್ತಿದ್ದೆ. ಎಡಿಟರ್ ಎಂದರೆ ಕಾಗುಣಿತ ತಿದ್ದುವವಳು ಎಂದು ನಮ್ಮ ಓಣಿಯವರೆಲ್ಲ ತಿಳಿದಿದ್ದರು. ಅದು ಪ್ರೂಫ್ ರೀಡರ್ ಕೆಲಸ. ಎಡಿಟರ್ ಅದಕ್ಕೂ ಮೊದಲೇ ಹಸ್ತಪ್ರತಿ ಓದಿ, ಇದು ಪುಸ್ತಕವಾಗಲು ಯೋಗ್ಯವೇ, ಎಲ್ಲಿ ಕಡಿಯಬೇಕು, ಎಲ್ಲಿ ಇನ್ನಷ್ಟು ಬರೆಸಬೇಕು ಎಂದು ಪ್ರಕಾಶಕರಿಗೆ ವರದಿ ಕೊಡಬೇಕು. ಲೇಖಕರಿಗೆ ಬೇಸರವಾಗುವ ಮಾತನ್ನು ಮುಖಕ್ಕೆ ಹೇಳುವುದು ಈ ಕೆಲಸದ ದೊಡ್ಡ ಪಾಲು. ನನಗೆ ಅದು ಕಷ್ಟವೆನಿಸಿದ್ದೇ ಇಲ್ಲ. ನನ್ನ ನಾಲಿಗೆ ಸ್ವಲ್ಪ ಖಾರ ಎಂದು ಕಾಲೇಜಿನಲ್ಲೇ ಹೆಸರಾಗಿತ್ತು.

ಒಂದು ದಿನ ಪ್ರಕಾಶಕರು ಫೋನ್ ಮಾಡಿ, "ಮೇಡಂ, ಒಂದು ಪ್ಯಾರಾನಾರ್ಮಲ್ ಕ್ರೈಂ ಕಾದಂಬರಿ ಬಂದದ. ನಿಮ್ಮ ಕಡಿಯವರೇ ಬರದಾರ. ಜರಾ ನೋಡ್ರಿ" ಎಂದರು. ಪ್ಯಾರಾನಾರ್ಮಲ್ ಕ್ರೈಂ ಎಂದರೆ ಕತೆಯಲ್ಲಿ ಕೊಲೆಯೂ ಇರಬೇಕು, ದೆವ್ವವೂ ಇರಬೇಕು. ಹುಡುಗರು ಈಗ ಅಂಥದನ್ನೇ ಕೊಂಡು ಓದುತ್ತಾರೆ ಎಂಬುದು ಅವರ ನಂಬಿಕೆ. ನನಗೆ ದೆವ್ವಗಳ ಬಗ್ಗೆ ನಂಬಿಕೆಯೂ ಇಲ್ಲ, ಸಹನೆಯೂ ಇಲ್ಲ. ಆದರೂ ಕೆಲಸ ಕೆಲಸವೇ, ಕಳಿಸಿ ಎಂದೆ.

ಬರೆದವರ ಹೆಸರು ಶಿವಕುಮಾರ ಎಂದಿಟ್ಟುಕೊಳ್ಳೋಣ. ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯವರು. ಬೀದರಿನ ಹಾಸ್ಟೆಲ್ಲಿನಲ್ಲಿದ್ದು ಕನ್ನಡ ಓದಿ, ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ವಯಸ್ಸು ನಲವತ್ತರ ಆಸುಪಾಸು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಕಾದಂಬರಿ ಓದಿ ನನಗೆ ತಲೆ ಚಿಟ್ಟು ಹಿಡಿಯಿತು. ಹೈದರಾಬಾದಿನ ಒಂದು ದವಾಖಾನೆಯಲ್ಲಿ ಸುಕನ್ಯಾ ಎಂಬ ಹೆಣ್ಣುಮಗಳ ಕೊಲೆಯಾಗುತ್ತದೆ. ಅವಳ ದೆವ್ವ ಸೇಡು ತೀರಿಸಿಕೊಳ್ಳಲು ಹೊರಡುತ್ತದೆ. ಇನ್‌ಸ್ಪೆಕ್ಟರ್ ಸೂರ್ಯತೇಜ ತನಿಖೆ ಮಾಡುತ್ತಾನೆ. ತನಿಖೆ ಎಂದರೆ ಪ್ರತಿ ಅಧ್ಯಾಯದಲ್ಲೂ ಒಮ್ಮೆ ಕಪ್ಪು ಕನ್ನಡಕ ತೆಗೆದು 'ನಿಗೂಢವಾಗಿ' ನಗುವುದು. ಬಾಗಿಲುಗಳೆಲ್ಲ ಕಿರ್ರೆನ್ನುತ್ತವೆ, ಐಸಿಯುವಿನ ಗಾಜಿನ ಬಾಗಿಲು ಕೂಡ. ನಾಯಿಗಳಿಗೆ ಊಳಿಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಐದನೇ ಅಧ್ಯಾಯದಲ್ಲೇ ದೆವ್ವ ಬಂದು ಕೊಲೆಗಾರನ ಹೆಸರು ಹೇಳಿ ಹೋಗುತ್ತದೆ, ಆದರೂ ಇನ್‌ಸ್ಪೆಕ್ಟರ್ ಕೊನೆಯ ಅಧ್ಯಾಯದ ತನಕ ಅವನನ್ನು ಹುಡುಕುತ್ತಲೇ ಇರುತ್ತಾನೆ. ಇನ್ನು ಆ ದೆವ್ವದ ಮಾತೋ ಮಾತು! ಚುನಾವಣೆಗೆ ನಿಂತವರೂ ಅಷ್ಟು ಮಾತಾಡುವುದಿಲ್ಲ. ಓದುವಾಗ ನನಗೆ ಹೆದರಿಕೆ ಬರುವ ಬದಲು ಆಕಳಿಕೆ ಬಂತು.

ಇದೆಲ್ಲಕ್ಕಿಂತ ಸಿಟ್ಟು ತರಿಸಿದ್ದು ಮೂರನೇ ಅಧ್ಯಾಯ. ಸುಕನ್ಯಾಳದು ಲಿಂಗಾಯತರ ಮನೆ, ಅವಳ ಕೊರಳಲ್ಲಿ ಲಿಂಗವಿದೆ ಎಂದು ಲೇಖಕರೇ ಮೊದಲಲ್ಲಿ ಹೇಳಿದ್ದರು. ಆದರೆ ಸತ್ತ ಮೇಲೆ ಅವಳನ್ನು ಸುಡುತ್ತಾರೆ. ನಮ್ಮಲ್ಲಿ ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಸತ್ತವರು ಜೀವಮಾನವಿಡೀ ಕೊರಳಲ್ಲಿ ಧರಿಸಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಪೂಜೆಗೆ ಕೂತ ಹಾಗೆ ಮಣ್ಣಿನಲ್ಲಿ ಕೂಡಿಸುತ್ತೇವೆ. ಮೇಲೆ ಗದ್ದುಗೆ ಕಟ್ಟುತ್ತೇವೆ. ನನ್ನ ತಂದೆಯನ್ನೂ ಹಾಗೆಯೇ ಕೂಡಿಸಿದ್ದು. ಹೀಗೆ ಲಿಂಗದಲ್ಲಿ ಐಕ್ಯವಾದವರು ತಿರುಗಿ ಬರುವುದಿಲ್ಲ, ಅವರಿಗೆ ದೆವ್ವವಾಗಿ ಅಲೆಯುವ ಗತಿ ಇಲ್ಲ ಎಂದು ನಮ್ಮ ಮನೆಗಳಲ್ಲಿ ನಂಬುತ್ತಾರೆ. ನಮ್ಮದೇ ಕಡೆಯ ಮನುಷ್ಯ ಇಷ್ಟು ತಿಳಿಯದೆ ಬರೆದಿದ್ದಾನಲ್ಲ ಎಂದು ಆ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಿಂದ, "ಲಿಂಗಾಯತರ ಹೆಣ ಸುಡುತ್ತಾರೆಯೇ? ಮನೆಯಲ್ಲಿ ಹಿರಿಯರನ್ನು ಕೇಳಿ" ಎಂದು ಗೀಚಿದೆ. ಪ್ರಕಟಣೆಗೆ ಯೋಗ್ಯವಲ್ಲ ಎಂದು ಪ್ರಕಾಶಕರಿಗೆ ತಿಳಿಸಿದೆ. ಮೊದಲ ಪುಸ್ತಕ, ಒಂದು ಸಲ ಅವರ ಜೊತೆ ಕೂತು ನೋಡಿ, ತಿದ್ದಿದರೆ ನಿಲ್ಲುತ್ತದೇನೋ ಎಂದು ಅವರು ಕೇಳಿಕೊಂಡರು.

ಮುಂದಿನ ಭಾನುವಾರ ಶಿವಕುಮಾರ ಬಸ್ಸು ಬದಲಿಸಿಕೊಂಡು ತಾಂಡೂರಿನಿಂದ ಜಹೀರಾಬಾದಿಗೆ ಬಂದರು. ತೆಳ್ಳಗಿನ ಮನುಷ್ಯ, ಮೆತ್ತಗಿನ ದನಿ. ಕೈಯಲ್ಲಿ ತಾಂಡೂರಿನ ತೊಗರಿಬೇಳೆಯ ಚೀಲ. "ಬ್ಯಾಳಿ ಕೊಟ್ರ ಬುಕ್ ಪಾಸಾಗಂಗಿಲ್ಲ ನೋಡ್ರಿ" ಎಂದು ಚೇಷ್ಟೆ ಮಾಡಿದೆ. ನಗಲಿಲ್ಲ, ಚೀಲವನ್ನು ಮಂಚದ ಕೆಳಗೆ ಸರಿಸಿ ಕೂತರು.

ನಾಯಿಗಳನ್ನು ತೆಗೆಯಬೇಕು ಎಂದೆ. "ತೆಗೀರಿ" ಎಂದರು. ಇನ್‌ಸ್ಪೆಕ್ಟರನ ಕನ್ನಡಕ ಎಂದೆ. "ಅದೂ ತೆಗೀರಿ." ಕೊಲೆಗಾರನ ಹೆಸರು, ದೆವ್ವದ ಭಾಷಣ, ಅದು ಬಂದಾಗಲೆಲ್ಲ ಆಗುವ ಬಳೆಗಳ ಸದ್ದು, ಎಲ್ಲದಕ್ಕೂ ಅದೇ ಉತ್ತರ. ಇಷ್ಟು ಸಾಧುವಾದ ಲೇಖಕರನ್ನು ನಾನು ಕಂಡಿರಲಿಲ್ಲ. ಸಾಮಾನ್ಯವಾಗಿ ಒಂದು ಅಲ್ಪವಿರಾಮ ತೆಗೆದರೂ ಮುಖ ಗಂಟು ಹಾಕುವ ಜನ. ಕೊನೆಗೆ ಮೂರನೇ ಅಧ್ಯಾಯ ತೆರೆದು, "ಇಲ್ಲಿ ಸುಡೋದು ತೆಗೆದು ಮಣ್ಣು ಮಾಡೋದು ಬರೀರಿ" ಎಂದೆ. ಅವರು ಆ ಪುಟದ ಮೇಲೆ ಅಂಗೈ ಊರಿದರು.

"ಇದೊಂದ್ ಬಿಡ್ರಿ ಮೇಡಂ."

"ಯಾಕ? ಓದಿದವರು ನಗ್ತಾರ."

"ನಗಲ್ರಿ. ಎಲ್ಲಾ ತೆಗೀರಿ, ಇದು ಹಂಗ ಇರಲಿ."

"ನಿಮ್ಮ ಮನ್ಯಾಗ ಸುಡ್ತಾರೇನು?"

"ಇಲ್ರಿ. ನಮ್ಮಪ್ಪಂದು ಹೊಲದಾಗ ಗದ್ದುಗಿ ಅದ" ಎಂದವರು ಚಹಾ ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅವರು ಹೋದ ಮೇಲೆ ಆ ಪುಟವನ್ನು ಗಟ್ಟಿಯಾಗಿ ಓದಿದೆ. ಸಂಶಯ ಬಂದ ಕಡೆ ಗಟ್ಟಿಯಾಗಿ ಓದುವುದು ನನ್ನ ಕೆಲಸದ ಪದ್ಧತಿ. ಮೊದಲ ಓದಿನಲ್ಲಿ ತಪ್ಪಿನ ಮೇಲೇ ಕಣ್ಣು ನೆಟ್ಟಿದ್ದರಿಂದ ಉಳಿದದ್ದು ಕಂಡಿರಲಿಲ್ಲ. ಆ ಪುಟದಲ್ಲಿ ನಾಯಿ ಇರಲಿಲ್ಲ. ಬಾಗಿಲು ಕಿರ್ರೆನ್ನಲಿಲ್ಲ. ಹೆಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಟೇಪಿನ ಮೇಲೆ ನಂಬರ್ ಬರೆದಿದ್ದಾರೆ. ಸುಡುಗಾಡಿನ ಗೇಟಿಗೆ ಸರಪಳಿ ಹಾಕಿದ್ದಾರೆ. ಅವಳ ಕೈ ಒಂದನ್ನಾದರೂ ತೋರಿಸಿ ಎಂದು ಹೊರಗೆ ನಿಂತವನು ಕೇಳುತ್ತಾನೆ, ಹಿಂದೆ ಸರಿ ಎನ್ನುತ್ತಾರೆ. ನಂಬರ್ ಕೂಗುವವನ ಗಂಟಲು ಒಡೆದಿದೆ, ಹೊರಗೆ ನಿಂತವನಿಗೆ ತನ್ನ ನಂಬರ್ ಸರಿಯಾಗಿ ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ. ಯಾವ ಹೊಗೆ ತನ್ನದೆಂದು ಗೊತ್ತಾಗದೆ ಎಲ್ಲದಕ್ಕೂ ಕೈ ಮುಗಿಯುತ್ತಾನೆ. ಅಷ್ಟೇ. ಮರುಪುಟದಲ್ಲಿ ಮತ್ತೆ ಬಳೆಗಳು ಗಲಗಲ ಎನ್ನುತ್ತವೆ.

ಊಹಿಸಿ ಬರೆಯುವವನು ವಿಶೇಷಣ ಹುಡುಕುತ್ತಾನೆ. ಕಣ್ಣಾರೆ ಕಂಡವನಿಗೆ ಅದು ಬೇಕಾಗುವುದಿಲ್ಲ. ಇಷ್ಟು ವರ್ಷ ಹಸ್ತಪ್ರತಿ ಓದಿ ಈ ವ್ಯತ್ಯಾಸ ನನಗೆ ವಾಸನೆಯಿಂದಲೇ ತಿಳಿಯುತ್ತದೆ. ಮಧ್ಯಾಹ್ನದ ಹೊತ್ತು, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಆದರೂ ಆ ಕಾದಂಬರಿಯಲ್ಲಿ ಮೊದಲ ಬಾರಿಗೆ ನನ್ನ ಮೈ ಜುಮ್ಮೆಂದಿತು.

ಅವರಿಗೆ ಮತ್ತೆ ರಜೆ ಸಿಗಲಿಲ್ಲ. ನಾನೇ ತಾಂಡೂರಿಗೆ ಹೋದೆ. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಕಲ್ಲಿನ ಹಾಸುಗಳು, ಬೂದುಬಣ್ಣದ ಕೆಸರು. ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಚಕ್ರದ ಕಿರುಚಾಟಕ್ಕೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಕೆಲಸಗಾರರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಊಟದ ಹೊತ್ತಿಗೆ ಯಂತ್ರಗಳು ನಿಂತಾಗ, ಪೇರಿಸಿಟ್ಟ ಕಲ್ಲುಗಳ ನೆರಳಲ್ಲಿ ಕೂತೆವು. ಸುತ್ತು ಬಳಸದೆ, "ಶಿವಕುಮಾರ, ಈ ಸುಕನ್ಯಾ ಯಾರು?" ಎಂದು ಕೇಳಿದೆ.

ಅವರು ಬುತ್ತಿಯ ಡಬ್ಬಿ ತೆರೆಯಲೇ ಇಲ್ಲ. "ನಮ್ಮ ತಂಗಿ ರಿ. ಮಾದೇವಿ" ಎಂದರು.

ಕೊರೊನಾದ ಎರಡನೇ ಅಲೆಯಲ್ಲಿ ಊರಲ್ಲಿದ್ದ ತಾಯಿಗೂ ತಂಗಿಗೂ ಒಟ್ಟಿಗೇ ಜ್ವರ ಬಂತು. ತಂಗಿಗೆ ಉಸಿರು ಕಟ್ಟತೊಡಗಿದಾಗ ಹೈದರಾಬಾದಿಗೆ ಒಯ್ದರು. ಅಲ್ಲಿ ತೀರಿಕೊಂಡಳು. ಆ ದಿನಗಳಲ್ಲಿ ಹೆಣ ಮನೆಯವರ ಕೈಗೆ ಸಿಗುತ್ತಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ ಎಂದು ಇವರು ತೆಲುಗಿನಲ್ಲಿ, ಉರ್ದುವಿನಲ್ಲಿ, ಕಾಲು ಹಿಡಿದು ಹೇಳಿದರು. ಅಲ್ಲಿದ್ದವರೂ ದಣಿದು ಹಣ್ಣಾಗಿದ್ದರು, ಕೇಳುವ ಸ್ಥಿತಿ ಅವರದ್ದಾಗಿರಲಿಲ್ಲ. ದವಾಖಾನೆಯಿಂದ ಇವರಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ತಂಗಿಯ ಲಿಂಗ.

ಮನೆಯಲ್ಲಿ ತಾಯಿ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮಗಳನ್ನು ಎಲ್ಲಿ ಕೂಡಿಸಿದೆ ಎಂದು ಫೋನಿನಲ್ಲಿ ಒಂದೇ ಸಮ ಕೇಳುತ್ತಿದ್ದರು. ಹೊಲದಲ್ಲಿ ಅಪ್ಪನ ಪಕ್ಕ ಎಂದುಬಿಟ್ಟರು ಶಿವಕುಮಾರ. ಹೇಳಿದ ಮೇಲೆ ಮಾಡಲೇಬೇಕಾಯಿತು. ಸೋಂಕಿನ ಹೆದರಿಕೆಗೆ ಊರಿನ ಒಬ್ಬರೂ, ಸ್ವಾಮಿಗಳೂ ಹತ್ತಿರ ಬರುವಂತಿರಲಿಲ್ಲ. ಒಬ್ಬರೇ ಗುಂಡಿ ತೋಡಿ, ಒಬ್ಬರೇ ಮುಚ್ಚಿ, ಆಮೇಲೆ ತಾಂಡೂರಿನಿಂದ ತಾವೇ ಪಾಲಿಶ್ ಮಾಡಿದ ಕಲ್ಲು ಒಯ್ದು ಗದ್ದುಗೆ ಕಟ್ಟಿಸಿದರು.

"ಅವ್ವ ಪ್ರತಿ ಸೋಮವಾರ ಹೋಗಿ ಪತ್ರಿ ಏರಸ್ತಾಳ್ರಿ. ಕುಂತು ಮಾತಾಡ್ತಾಳ. ಅಲ್ಲಿ ಯಾರೂ ಇಲ್ರಿ ಮೇಡಂ."

ಅಂಗಿಯ ಮೇಲಿನ ಗುಂಡಿ ಬಿಚ್ಚಿ ತೋರಿಸಿದರು. ಕೊರಳಲ್ಲಿ ಅವರದೊಂದು ಲಿಂಗದ ಕರಡಿಗೆ. ಅದರ ಪಕ್ಕದಲ್ಲಿ, ಹಳೆಯ ದಾರದಲ್ಲಿ, ಇನ್ನೊಂದು.

ಮಗ ಮಾದೇವಿಯ ಮೇಲೆ ಬುಕ್ ಬರೆಯುತ್ತಿದ್ದಾನೆ ಎಂಬುದು ತಾಯಿಗೆ ಗೊತ್ತಿತ್ತು. ಅಚ್ಚಾದ ಮೇಲೆ ಓದಿ ಹೇಳು ಎಂದು ಅವರು ಕಾದು ಕೂತಿದ್ದರು. "ಬಾಯ್ಲೆ ಹೇಳಾಕ ಆಗ್ಲಿಲ್ರಿ. ದೆವ್ವ ಹೇಳ್ತದ ಅಂತ ಮಾಡ್ದೆ" ಎಂದರು ಶಿವಕುಮಾರ. ಅವರ ಕಾದಂಬರಿಯ ಎಲ್ಲ ದೋಷಗಳಿಗೂ ಕಾರಣ ಆ ಒಂದು ಮಾತಿನಲ್ಲಿತ್ತು. ಕೊಲೆಗಾರ, ಇನ್‌ಸ್ಪೆಕ್ಟರ್, ಸೇಡು, ಎಲ್ಲವೂ ಆ ಒಂದು ಪುಟವನ್ನು ತಾಯಿಯ ಕಿವಿಗೆ ಸಾಗಿಸಲು ಹೂಡಿದ ಗಾಡಿ.

ನಾನು ಯೋಚನೆಗೆ ಬಿದ್ದೆ. ಪುಸ್ತಕ ಅಚ್ಚಾದರೆ ಆ ತಾಯಿ ಮಗಳ ಸುದ್ದಿಯನ್ನು ಊಳಿಡುವ ನಾಯಿಗಳ ನಡುವೆ ಕೇಳಬೇಕು, ಇಲ್ಲವೇ ಊರಲ್ಲಿ ಮೊದಲು ಓದಿದ ಯಾರೋ ಬಂದು ಬಾಯಿ ಬಿಡಬೇಕು. ಅಚ್ಚಾಗದಿದ್ದರೆ ಈ ಮನುಷ್ಯ ಎರಡು ಲಿಂಗ ಹೊತ್ತು ತಿರುಗುತ್ತಾನೆ, ತಾಯಿ ಖಾಲಿ ಮಣ್ಣಿನ ಜೊತೆ ಮಾತಾಡುತ್ತಲೇ ಸಾಯುತ್ತಾಳೆ. "ಅವ್ವನ ದಿಲ್ ಕಮಜೋರ ಅದ, ಒಮ್ಮಿಗೆ ಹೇಳಿದ್ರ ಏನರೆ ಆದ್ರ?" ಎಂಬುದು ಅವರ ಹೆದರಿಕೆ. ಅದು ನೆಪವಾಗಿರಲಿಲ್ಲ.

"ನೀವು ಮಾಡೋ ಕೆಲಸ ದೆವ್ವಕ್ಕ ಹಚ್ಚಬ್ಯಾಡ್ರಿ" ಎಂದೆ. "ನೀವು ಬರೆದ ದೆವ್ವಕ್ಕ ಬರೋಬ್ಬರಿ ಮಾತಾಡಾಕ ಬರಂಗಿಲ್ಲ. ಅವ್ವಗ ನೀವೇ ಹೇಳ್ರಿ."

ಅವರು ಕೆಸರಿನ ಕಡೆ ನೋಡುತ್ತ, "ನೀವ್ ಬಾಜೂಕ ಇರ್ತೀರೇನ್ರಿ?" ಎಂದು ಕೇಳಿದರು. ಲೇಖಕರ ಮನೆಯ ಹೊಸ್ತಿಲು ತುಳಿಯಬಾರದು ಎಂಬುದು ನಾನು ಹಾಕಿಕೊಂಡ ನಿಯಮ. ಅವತ್ತು ಅದನ್ನು ಮುರಿದೆ. ಮರುಕದಿಂದಲೋ, ಆ ಗದ್ದುಗೆ ನೋಡಬೇಕೆಂಬ ಕುತೂಹಲದಿಂದಲೋ ಎಂದು ಕೇಳಿದರೆ, ಎರಡೂ ಇದ್ದವು ಎಂದೇ ಹೇಳಬೇಕು.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ನಾರಾಯಣಖೇಡದಲ್ಲಿ ಬಸ್ಸಿಳಿದೆ. ಶಿವಕುಮಾರ ಬೈಕಿನಲ್ಲಿ ಹಳ್ಳಿಗೆ ಕರೆದೊಯ್ದರು. ತಾಯಿ ಗುರಮ್ಮ ಹೊಲಕ್ಕೆ ಹೊರಟು ನಿಂತಿದ್ದರು. ಸಣಕಲು ದೇಹ, ಹಣೆಯ ತುಂಬ ವಿಭೂತಿ, ಚುರುಕು ಕಣ್ಣು. "ನಮ್ಮ ಶಿವುನ ಬುಕ್ ನೋಡಾಕಿ ನೀನೇ ಏನವ್ವ ತಂಗಿ? ಚೊಲೋ ಬರದಾನಿಲ್ಲ?" ಎಂದು ಕೇಳಿದರು. ಎಷ್ಟೋ ಲೇಖಕರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದವಳಿಗೆ ಅಲ್ಲಿ ನಾಲಿಗೆ ಹೊರಳಲಿಲ್ಲ. ಒಂದು ಪುಟ ಬಹಳ ಚೆನ್ನಾಗಿದೆ ಎಂದೆ.

ಹೊಲದ ಬದುವಿನಲ್ಲಿ ಎರಡು ಗದ್ದುಗೆಗಳು. ಒಂದು ಹಳೆಯದು, ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಇನ್ನೊಂದು ನೀಲಿಛಾಯೆಯ ನುಣುಪು ಕಲ್ಲಿನದು. ಗುರಮ್ಮ ಅದಕ್ಕೆ ನೀರೆರೆದು, ವಿಭೂತಿ ಎಳೆದು, ಪತ್ರಿ ಏರಿಸಿದರು. ಆಮೇಲೆ ಕಲ್ಲಿಗೆ ಮುಖ ಮಾಡಿ ಕೂತು ಮಾತು ಶುರು ಮಾಡಿದರು.

"ಮಾದೇವಿ, ಹೆಸರು ಕಾಯಿ ಕಟ್ಟ್ಯಾವ ನೋಡು. ಬಾಜೂ ಮನಿ ಎಮ್ಮಿ ಈದದ. ಗಿಣ್ಣ ಕೊಟ್ಟು ಕಳಸಿದ್ರು, ನಿನಗ ಸೇರ್ತಿತ್ತು."

ಇಷ್ಟು ಹೇಳಿ ಸುಮ್ಮನಾದರು. ತಲೆ ಒಂದು ಕಡೆ ವಾಲಿಸಿ ಕಲ್ಲನ್ನು ನೋಡುತ್ತ ಕೂತರು. ಒಬ್ಬರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಉತ್ತರ ಬಂದವರ ಹಾಗೆ ತಲೆದೂಗಿ, "ಹೌದಲ್ಲ, ನಾನೂ ಅದೇ ಅಂದೆ" ಎಂದು ಮುಂದಿನ ಮಾತಿಗೆ ಹೋದರು. ಮತ್ತೆ ಸುಮ್ಮನಾದರು. ಮತ್ತೆ ತಲೆದೂಗಿದರು. ಬಿಸಿಲಿತ್ತು, ಆಚೆ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಅಂಥ ಭಯ ನನಗೆ ಯಾವ ಪುಸ್ತಕ ಓದಿದಾಗಲೂ ಆಗಿರಲಿಲ್ಲ.

ಶಿವಕುಮಾರ ತಾಯಿಯ ಹತ್ತಿರ ಮೊಣಕಾಲೂರಿ ಕೂತರು. "ಅವ್ವ, ಆಕಿ ಇಲ್ಲಿ ಇಲ್ಲ."

"ಐಕ್ಯ ಆದಾಕಿ ಎಲ್ಲಿ ಇರ್ತಾಳೋ, ಲಿಂಗದಾಗ ಇರ್ತಾಳ" ಎಂದರು ಗುರಮ್ಮ, ಮಗುವಿಗೆ ಹೇಳುವ ಹಾಗೆ.

"ಹಂಗಲ್ಲವ್ವ. ನಾ ಆಕಿನ್ನ ಇಲ್ಲಿ ಕುಂಡ್ರಿಸೇ ಇಲ್ಲ. ಅವ್ರು ಕೊಡಲಿಲ್ಲ. ಅಲ್ಲೇ ಸುಟ್ರು. ಇದು ಖಾಲಿ ಅದವ್ವ." ಕೊರಳಿನಿಂದ ಎರಡನೇ ಲಿಂಗ ತೆಗೆದು ಕಲ್ಲಿನ ಮೇಲಿಟ್ಟರು.

ಗುರಮ್ಮ ಆ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರೇ ಹೊಸೆದು ಕೊಟ್ಟ ದಾರವಂತೆ. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಗನ ಕಡೆ ತಿರುಗಿದರು.

"ಎರಡ್ ವರ್ಷ ನಾ ಯಾರ್ ಸಂಗಟ ಮಾತಾಡ್ದ್ಯೋ?"

ಶಿವಕುಮಾರ ತಾಯಿಯ ಕಾಲು ಹಿಡಿದರು.

"ಮತ್ತ ನನಗ ಹೂಂ ಅಂದಾವ್ರು ಯಾರು?"

ಆ ಪ್ರಶ್ನೆಗೆ ಅವರು ಉತ್ತರ ಕಾಯುತ್ತಿದ್ದದ್ದು ನಮ್ಮಿಂದಲೋ ಕಲ್ಲಿನಿಂದಲೋ ನನಗೆ ತಿಳಿಯಲಿಲ್ಲ. ಆಮೇಲೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದು, ಒಬ್ಬರೇ ಮನೆಯ ಕಡೆ ನಡೆದರು. ಮಗನ ಜೊತೆ ಮಾತಾಡಲಿಲ್ಲ. ನನಗೆ ಮಾತ್ರ, "ತಂಗಿ, ರೊಟ್ಟಿ ತಿಂದು ಹೋಗು" ಎಂದರು. ತಿಂದೆ. ಆ ರೊಟ್ಟಿಯ ರುಚಿ ಹೇಗಿತ್ತೆಂದು ನೆನಪಿಲ್ಲ.

ಲೇಖಕರೇ ಹಸ್ತಪ್ರತಿ ಹಿಂಪಡೆದಿದ್ದಾರೆ ಎಂದು ಪ್ರಕಾಶಕರಿಗೆ ಬರೆದೆ. ಆ ಒಂದು ಪುಟದಿಂದ ಹೊಸ ಪುಸ್ತಕ ಶುರು ಮಾಡಿ ಎಂದು ಶಿವಕುಮಾರರಿಗೆ ಹೇಳಿದ್ದೆ. ಅವರು ಬರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅವರ ಫೋನ್ ಬಂತು. ತಾಂಡೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಅವ್ವ ಆರಾಮಿದ್ದಾರೆ, ಹೆದರಿದಂತೆ ಏನೂ ಆಗಲಿಲ್ಲ ಎಂದರು. ಹೊಲದ ಗದ್ದುಗೆಗೆ ಈಗ ಹೋಗುವುದಿಲ್ಲವಂತೆ. ಒಳ್ಳೆಯದಾಯಿತಲ್ಲ ಎಂದೆ.

"ಹೊಲದಾಗ ಇಲ್ಲಂದ್ರ ಎಲ್ಲಿ ಬೇಕಾದ್ರ ಇರ್ತಾಳ ಅಂತಾಳ್ರಿ ಅವ್ವ. ಮೊದ್ಲ ಸೋಮವಾರ ಅಷ್ಟ ಮಾತಾಡ್ತಿದ್ಲು. ಈಗ ಒಲಿ ಮುಂದ, ಬಾಗಿಲದಾಗ, ನೀರ್ ತುಂಬಾಗ, ಎಲ್ಲಾ ಕಡಿ ಮಾತಾಡ್ತಾಳ. ಮಾತಾಡಿ ಸುಮ್ನ ಆಗ್ತಾಳ್ರಿ, ಜವಾಬಿಗೆ."

"ಆಗ ನೀವೇನ್ ಮಾಡ್ತೀರಿ?"

"ಒಮ್ಮೆ ತಡೀಲಾರ್ದ ನಾನೇ ಹೂಂ ಅಂದೆ ರಿ."

"ಅವ್ವ ಏನಂದ್ರು?"

"ನೀ ಸುಮ್ನಿರು, ಆಕಿಗಿ ಮಾತಾಡಾಕ ಬಿಡು ಅಂದ್ಲು ರಿ."

ನಿಜ ಹೇಳಿಬಿಟ್ಟರೆ ಎಲ್ಲ ಶಾಂತವಾಗುತ್ತದೆ ಎಂದು ನಾನು ಕಾಲೇಜಿನಲ್ಲಿ ಪಾಠ ಹೇಳಿದವಳು. ಆ ಮನೆಯಲ್ಲಿ ಹಾಗಾಗಲಿಲ್ಲ. ಆದರೂ ಹೇಳಬೇಕಿತ್ತು ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಬರವಣಿಗೆ ಬಿದ್ದುಹೋದ ಕಡೆ ಯಾವಾಗಲೂ ದಡ್ಡತನವೇ ಇರುವುದಿಲ್ಲ, ಕೆಲವು ಸಲ ಹೇಳಲಾರದ ಮಾತೊಂದು ಅಲ್ಲಿ ಕೂತಿರುತ್ತದೆ. ದೆವ್ವದ ಕತೆ ಹಿಡಿದು ಬಂದವರನ್ನು ಈಗ, ದೆವ್ವ ಹೇಳುವುದನ್ನು ಕೇಳಲು ಯಾರು ಕಾದು ಕೂತಿದ್ದಾರೆ ಎಂದು ಮೊದಲೇ ಕೇಳಿಬಿಡುತ್ತೇನೆ. ಹೆಚ್ಚಿನವರು ನಗುತ್ತಾರೆ, ಓದುಗರು ಎನ್ನುತ್ತಾರೆ. ಅಂಥವರ ಹಸ್ತಪ್ರತಿ ತಿದ್ದುವುದು ಸುಲಭ. ಏನೂ ಹೇಳದೆ ತಲೆ ತಗ್ಗಿಸಿ ಕೂತವರದ್ದನ್ನು ಓದಲು ಮಾತ್ರ ನನಗೆ ಈಗಲೂ ಹೆದರಿಕೆಯಾಗುತ್ತದೆ.